ಬರೀ ಕಾಲೇಜು ಕೋಚ್ ಆದರೇ?

"ನಾಲ್ಕು ಒಲಿಂಪಿಕ್ಸ್ ಆಡಿದವರು ಕೊನೆಗೆ ಬರೀ ಕಾಲೇಜು ಕೋಚ್ ಆದರೇ?" ಮಾಂಟ್ರಿಯಲ್‌ನ ನಮ್ಮ ಮನೆಗೆ ಬಂದವರು ಮಗಳ ಕೋಣೆಯಲ್ಲಿ ಅಮೆರಿಕದ ಐಸ್ ಹಾಕಿ ಆಟಗಾರ್ತಿ ಜೂಲಿ ಚೂ ಅವರ ಚಿತ್ರ ಕಂಡು, ಅವರು ಯಾರೆಂದು ನನ್ನಿಂದ ತಿಳಿದುಕೊಂಡ ಮರುಕ್ಷಣವೇ ಈ ಪ್ರಶ್ನೆ ಕೇಳುತ್ತಾರೆ. ಇಷ್ಟು ವರ್ಷ ನಗುನಗುತ್ತಲೇ ಉತ್ತರಿಸಿದ್ದೇನೆ. ಇನ್ನು ನಗುವುದಿಲ್ಲ. ಈ ಪ್ರಶ್ನೆಯಲ್ಲಿ 'ಕೊನೆಗೆ' ಎಂಬುದೂ ತಪ್ಪು, 'ಬರೀ' ಎಂಬುದೂ ತಪ್ಪು.

ಹಾರ್ವರ್ಡ್ ತಂಡದಲ್ಲಿ ಆಡಿ, ಅಮೆರಿಕದ ಕಾಲೇಜು ಮಹಿಳಾ ಹಾಕಿಯ ಅತ್ಯುನ್ನತ ಗೌರವವಾದ ಪ್ಯಾಟಿ ಕಾಜ್ಮೈಯರ್ ಪ್ರಶಸ್ತಿಯನ್ನು 2007ರಲ್ಲಿ ಪಡೆದ ಜೂಲಿ, ಅದೇ ವರ್ಷ ಮಿನ್ನೆಸೋಟ ಡುಲೂತ್ ವಿಶ್ವವಿದ್ಯಾಲಯದ ತಂಡಕ್ಕೆ ಸಹಾಯಕ ಕೋಚ್ ಆಗಿ ಸೇರಿದರು. ಆ ತಂಡ 2008ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಗಿನ್ನೂ ಅವರು ಎರಡು ಒಲಿಂಪಿಕ್ಸ್ ಆಡುವುದು ಬಾಕಿಯಿತ್ತು. ಆಟ ಮುಗಿದ ಮೇಲೆ ಬೇರೆ ದಾರಿ ಕಾಣದೆ ಹಿಡಿದ ಉದ್ಯೋಗ ಇದಲ್ಲ. ಆಟದ ಜೊತೆಜೊತೆಗೇ ಬೆಳೆದ ಕೆಲಸ.

'ಬರೀ' ಎನ್ನುವವರಿಗೆ ಮಹಿಳಾ ಐಸ್ ಹಾಕಿಯ ಲೆಕ್ಕಾಚಾರ ತಿಳಿದಿಲ್ಲ. ಜೂಲಿ ಆಡಿದ ಮಾಂಟ್ರಿಯಲ್ ಸ್ಟಾರ್ಸ್ ತಂಡವಿದ್ದ ಕೆನಡಾದ ಮಹಿಳಾ ಲೀಗ್ 2017ರವರೆಗೆ ಆಟಗಾರ್ತಿಯರಿಗೆ ಸಂಬಳವನ್ನೇ ಕೊಡಲಿಲ್ಲ, 2019ರಲ್ಲಿ ಮುಚ್ಚಿಯೇ ಹೋಯಿತು. ಈಗಿನ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ ಪಂದ್ಯಗಳನ್ನು ಆರಂಭಿಸಿದ್ದು 2024ರ ಜನವರಿಯಲ್ಲಿ. ಆ ನಡುವಿನ ವರ್ಷಗಳಲ್ಲಿ ಹೆಣ್ಣುಮಕ್ಕಳ ಆಟವನ್ನು ಉಳಿಸಿದ್ದು ಯಾರು? ಕಾಲೇಜುಗಳ ಹಿಮದ ಅಂಗಣಗಳಾದ ರಿಂಕ್‌ಗಳು ಮತ್ತು ಅಲ್ಲಿ ಬೆಳಗಿನ ಚಳಿಯಲ್ಲಿ ನಿಂತ ಕೋಚ್‌ಗಳು. 2016ರಿಂದ ಜೂಲಿ ನಮ್ಮೂರಿನ ಕಾಂಕಾರ್ಡಿಯ ವಿಶ್ವವಿದ್ಯಾಲಯದ ಸ್ಟಿಂಗರ್ಸ್ ತಂಡದ ಮುಖ್ಯ ಕೋಚ್. 1999ರ ನಂತರ ಆ ತಂಡದ ಕೈಗೆ ಸಿಗದಿದ್ದ ಕೆನಡಾದ ವಿಶ್ವವಿದ್ಯಾಲಯಗಳ ರಾಷ್ಟ್ರೀಯ ಪ್ರಶಸ್ತಿಯನ್ನು ಅವರ ಹುಡುಗಿಯರು 2022ರಲ್ಲಿ ಗೆದ್ದರು, 2024ರಲ್ಲಿ ಮತ್ತೆ ಗೆದ್ದರು. ಇದರಲ್ಲಿ 'ಬರೀ' ಎಲ್ಲಿದೆ, ತೋರಿಸಿ.

ಒಂದು ಯುಗಾದಿ ಊಟದಲ್ಲಿ, ಒಬ್ಬಟ್ಟಿಗೆ ತುಪ್ಪ ಬಡಿಸುತ್ತಿದ್ದಾಗ ಹಿರಿಯರೊಬ್ಬರು ಇದೇ ಪ್ರಶ್ನೆಯನ್ನು ಇನ್ನಷ್ಟು ಚುಚ್ಚುವ ಹಾಗೆ ಕೇಳಿದರು: "ಅಲ್ಲಮ್ಮಾ, ಒಂದು ಚಿನ್ನವನ್ನೂ ಗೆಲ್ಲದವರ ಫೋಟೋ ಹಾಕಿಕೊಂಡರೆ ಮಗು ಕಲಿಯುವುದೇನು?" ಮಗಳು ಪಕ್ಕದಲ್ಲೇ ಕುಳಿತಿದ್ದಳು. ಜೂಲಿ ಐದು ಬಾರಿ ವಿಶ್ವ ಚಾಂಪಿಯನ್ ಆದವರು ಎಂದಷ್ಟೇ ಹೇಳಿ ಸೌಟು ಹಿಡಿದು ಮುಂದೆ ಹೋದೆ. ಆ ಉತ್ತರ ಸಾಲದೆಂಬುದು ಅಂದಿನಿಂದಲೂ ನನ್ನನ್ನು ಕಾಡುತ್ತಿದೆ. ಅವರ ಒಲಿಂಪಿಕ್ ಪದಕಗಳು ಮೂರು ಬೆಳ್ಳಿ, ಒಂದು ಕಂಚು. ಮುಚ್ಚಿಡುವಂಥದ್ದೇನೂ ಅದರಲ್ಲಿಲ್ಲ, ನಾನು ಬೇರೆ ಪದಕಗಳ ಲೆಕ್ಕವನ್ನು ಅಡ್ಡ ಹಿಡಿಯಬೇಕಾಗಿರಲಿಲ್ಲ.

ಸರಿಯಾದ ಪ್ರಶ್ನೆಯನ್ನು ಕೇಳಿದವಳು ಮಗಳೇ. ಅವಳ ತಂಡ ಗೆಲ್ಲುತ್ತಿದ್ದ ಪಂದ್ಯವನ್ನು ಕೊನೆಯ ನಿಮಿಷಗಳಲ್ಲಿ ಸೋತ ಸಂಜೆ, ಕಾರಿನಲ್ಲಿ ನಾನು ಅವಳಿಗೆ 2014ರ ಸೋಚಿ ಒಲಿಂಪಿಕ್ಸ್ ಫೈನಲ್ ಕಥೆ ಹೇಳಿದೆ: ಅಮೆರಿಕ 2-0 ಮುಂದಿತ್ತು, ಉಳಿದದ್ದು ಮೂರೂವರೆ ನಿಮಿಷ; ಕೆನಡಾ ಒಂದು ಗೋಲು ಹೊಡೆಯಿತು; ಆಮೇಲೆ ದಾಳಿಗೆ ಒಬ್ಬರನ್ನು ಹೆಚ್ಚಿಸಿಕೊಳ್ಳಲು ಗೋಲು ಕಾಯುವವಳನ್ನೂ ಹೊರಗೆ ಕರೆಸಿಕೊಂಡ ಕೆನಡಾದ ಖಾಲಿ ಗೋಲಿನತ್ತ ಅಮೆರಿಕದ ಆಟಗಾರ್ತಿ ಹೊಡೆದ ಪಕ್, ಅಂದರೆ ಚೆಂಡಿನ ಬದಲಿನ ಚಪ್ಪಟೆ ಬಿಲ್ಲೆ, ರಿಂಕ್‌ನ ಉದ್ದಕ್ಕೂ ಜಾರಿಹೋಗಿ ಕಂಬಕ್ಕೆ ಬಡಿಯಿತು; ಒಂದು ನಿಮಿಷಕ್ಕೂ ಕಡಿಮೆ ಸಮಯವಿದ್ದಾಗ ಮರಿ-ಫಿಲಿಪ್ ಪೂಲಾಂ ಸಮ ಮಾಡಿ, ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲನ್ನೂ ಹೊಡೆದರು. ಮಗಳು ಎಲ್ಲವನ್ನೂ ಕೇಳಿಸಿಕೊಂಡು, "ಅಮ್ಮ, ಜೂಲಿ ಆಮೇಲೆ ಏನು ಮಾಡಿದರು?" ಎಂದಳು.

ಎಷ್ಟೋ ವರ್ಷಗಳಿಂದ ಯಾರಾದರೂ ಕೇಳಲಿ ಎಂದು ನಾನು ಕಾದಿದ್ದ ಪ್ರಶ್ನೆ ಇದು. ಮೂರು ದಿನಗಳ ನಂತರ ಸಮಾರೋಪ ಸಮಾರಂಭದಲ್ಲಿ ಅಮೆರಿಕದ ಧ್ವಜ ಹಿಡಿದು ನಡೆದವರು ಜೂಲಿ, ಅವರನ್ನು ಆರಿಸಿದ್ದು ಜೊತೆಯ ಕ್ರೀಡಾಪಟುಗಳೇ ಎಂದು ಹೇಳಿದೆ. ಅಂದು ಚಿನ್ನ ಗೆದ್ದ ಕೆನಡಾ ತಂಡದ ನಾಯಕಿ ಕ್ಯಾರೊಲಿನ್ ವೆಲೆಟ್ ಇಂದು ಜೂಲಿಯವರ ಬಾಳಸಂಗಾತಿ ಎಂದೂ, ಕಾಂಕಾರ್ಡಿಯದಲ್ಲಿ ಇಬ್ಬರೂ ಸೇರಿ ಒಂದೇ ತಂಡಕ್ಕೆ ತರಬೇತಿ ಕೊಟ್ಟಿದ್ದಾರೆ ಎಂದೂ ಹೇಳಿದೆ. ಕೊನೆಯ ನಿಮಿಷದಲ್ಲಿ ಪಂದ್ಯ ಕೈಜಾರಿದ ಹುಡುಗಿಯೊಬ್ಬಳು ತನ್ನ ಬೆಂಚಿನತ್ತ ತಿರುಗಿ ನೋಡಿದರೆ, ಅಲ್ಲಿ ಆ ಒಂದೇ ರಾತ್ರಿಯ ಎರಡೂ ಕಡೆಯನ್ನು ಕಂಡವರಿರುತ್ತಾರೆ. ಇಂಥ ತರಬೇತಿ ಇನ್ನೆಲ್ಲಿ ಸಿಗುತ್ತದೆ ಎಂಬುದನ್ನು ಆ ಹಿರಿಯರು ನನಗೆ ತಿಳಿಸಲಿ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಶೆರ್‌ಬ್ರೂಕ್ ರಸ್ತೆಯಲ್ಲಿ ಸ್ಟಿಂಗರ್ಸ್ ಆಡುವ ಎಡ್ ಮೀಗರ್ ಅರೀನಾದ ಹತ್ತಿರ ಬಂದಾಗ, ಶನಿವಾರದ ಅಭ್ಯಾಸ ಆರು ಗಂಟೆಗೋ ಏಳಕ್ಕೋ ಎಂದು ಕೇಳಿದಳು.