ಚಿಕ್ಕ ವಯಸ್ಸಿನ ಬಸುರಿ ಬಂದ್ರೆ ಎಚ್‌ಬಿ ಜೊತೆ ತಿಂಗಳನ್ನೂ ನೋಡಿ

ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನ ಹೆರಿಗೆ ವಾರ್ಡಲ್ಲಿ ನಾನು ಸ್ಟಾಫ್ ನರ್ಸ್. ಹೊಸದಾಗಿ ಡ್ಯೂಟಿಗೆ ಬರೋ ಹುಡುಗಿಯರಿಗೆ ಮೊದಲು ಹೇಳೋದು ಇದನ್ನೇ: ಹದಿನೇಳು ಹದಿನೆಂಟರ ಚೊಚ್ಚಲು ಬಸುರಿ ಬಂದ್ರೆ ಎಚ್‌ಬಿ (ರಕ್ತದಲ್ಲಿರೋ ಹಿಮೋಗ್ಲೋಬಿನ್) ಎಷ್ಟು ಅಂತ ನೋಡಿ ಬಿಡಬೇಡಿ, ಎಷ್ಟನೇ ತಿಂಗಳು ಅಂತಾನೂ ನೋಡಿ. 11 ಗ್ರಾಂಗಿಂತ ಕಮ್ಮಿ ಇದ್ರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ರೆ ತೀವ್ರ, ಇದು ಎಲ್ಲರಿಗೂ ಗೊತ್ತು. ಆದ್ರೆ ನಾಲ್ಕನೇ ತಿಂಗಳ 8 ಬೇರೆ, ಎಂಟನೇ ತಿಂಗಳ 8 ಬೇರೆ. ಕಬ್ಬಿಣಾಂಶದ ಮಾತ್ರೆ ಸರಿಯಾಗಿ ನುಂಗಿದ್ರೂ ತಿಂಗಳಿಗೆ ಸುಮಾರು ಒಂದು ಗ್ರಾಂ ಏರ್ತದೆ ಅಷ್ಟೇ, ಎಂಟನೇ ತಿಂಗಳಲ್ಲಿ ಬಂದವಳಿಗೆ ಅಷ್ಟು ಟೈಮೇ ಇಲ್ಲ, ಡಾಕ್ಟ್ರಿಗೆ ತೋರಿಸಿ ಐರನ್ ಡ್ರಿಪ್ ಬಗ್ಗೆ ಅವತ್ತೇ ಕೇಳಬೇಕು.

ಈ ವಯಸ್ಸಿನವರು ಬಸುರಿ ಆಗೋ ಮುಂಚೆನೇ ರಕ್ತ ಕಮ್ಮಿ ಇದ್ದವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಅವಳ ಮೈ ಇನ್ನೂ ಬೆಳೀತಿರ್ತದೆ, ಅದರ ಜೊತೆಗೆ ಮಗು. ಮಗು ತನಗೆ ಬೇಕಾದ ಕಬ್ಬಿಣಾಂಶ ಹೆಚ್ಚಾಗಿ ತಗೊಳ್ಳೋದು ಕೊನೇ ಮೂರು ತಿಂಗಳಲ್ಲಿ, ಇಂಥ ಹೆರಿಗೆಗಳು 37 ವಾರ ತುಂಬೋ ಮೊದಲೇ ಆಗೋದು ಬೇರೆಯವರಿಗಿಂತ ಜಾಸ್ತಿ, ಹಾಗಾದ್ರೆ ಮಗು ಎಷ್ಟೋ ಸಲ ಎರಡೂವರೆ ಕೆಜಿ ಒಳಗೆ ಹುಟ್ತದೆ, ಮೈ ಬೇಗ ತಣ್ಣಗಾಗ್ತದೆ, ಹಾಲು ಚೀಪೋಕೆ ಶಕ್ತಿ ಇರಲ್ಲ, ಆಮೇಲೆ ಕೆಲವೇ ತಿಂಗಳಲ್ಲಿ ಅದಕ್ಕೂ ರಕ್ತ ಕಮ್ಮಿ ಬೀಳ್ತದೆ.

ತಡವಾಗಿ ಯಾಕೆ ಬರ್ತಾರೆ? ವಯಸ್ಸಿಗೆ ಹೆದರಿ. ಆಧಾರ್ ತೋರಿಸಿದ್ರೆ ಕೇಸ್ ಆಗ್ತದೆ ಅಂತ ತಾಯಿ ಕಾರ್ಡೇ (ಬಸುರಿಯ ತಪಾಸಣೆ ಬರೆದಿಡೋ ಸರ್ಕಾರಿ ಕಾರ್ಡ್) ಮಾಡಿಸಲ್ಲ, ಕೆಲವರು ಗುಳೆ ಹೋಗಿಬಿಡ್ತಾರೆ. 18 ತುಂಬದವಳು ಬಸುರಿ ಅಂದ್ರೆ ನಾವು ಪೊಲೀಸರಿಗೆ ತಿಳಿಸಲೇಬೇಕು, ಕಾನೂನು ಹಂಗಿದೆ, ಮುಚ್ಚಿಡೋ ಹಂಗಿಲ್ಲ. ಆದ್ರೆ ಅದಕ್ಕೂ ಚಿಕಿತ್ಸೆಗೂ ಗಂಟು ಹಾಕಬಾರದು. ಎಲ್ಲರೆದುರು "ಇಷ್ಟು ಸಣ್ಣ ಹುಡುಗಿಗೆ ಮದುವೆ ಮಾಡೀರಲ್ಲ" ಅಂತ ಬೈದ್ರೆ ಆ ಮನೆಯವರು ಮತ್ತೆ ಕಾಲಿಡಲ್ಲ, ಆ ಹುಡುಗಿ ಮನೇಲೇ ಹೆರ್ತಾಳೆ. ಇದು ನನಗೆ ತುಂಬಾ ನೋವು ಕೊಡೋ ವಿಷ್ಯ, ಬೈಗುಳ ಅವಳಿಗೆ ಬೀಳ್ತದೆ, ಮದುವೆ ಅವಳು ಕೇಳಿದ್ದೇ ಅಲ್ಲ.

ಮಾತ್ರೆ ವಿಷಯಕ್ಕೆ ಬಂದ್ರೆ, ಕೊಟ್ಟೆ ಅಂತ ಬರೆದ್ರೆ ಮುಗೀಲಿಲ್ಲ. "ಅಕ್ಕಾ, ಹೊಟ್ಟ್ಯಾಗ ಸಂಕಟ ಆಗ್ತದ್ರಿ" ಅಂತಾಳೆ, ಮಲ ಕಪ್ಪಾಗೋದು ನೋಡಿ ಹೆದರ್ತಾಳೆ, ಮಗು ದೊಡ್ಡದಾಗಿ ಹೆರಿಗೆ ಕಷ್ಟ ಆಗ್ತದೆ ಅಂತ ಅತ್ತೆ ಡಬ್ಬಿ ಎತ್ತಿಡ್ತಾರೆ. ಅದಕ್ಕೆ ನಾನು ಅತ್ತೇನ ಪಕ್ಕದಲ್ಲಿ ಕೂರಿಸಿಕೊಂಡು "ಅವ್ವಾರ, ನಿಮ್ಮ ಮೊಮ್ಮಗುವಿನ ರಕ್ತ ಇದ್ರಾಗ ಐತ್ರಿ" ಅಂತ ಹೇಳ್ತೀನಿ, ಚಹಾ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆ ಅಂತೂ ಬೇಡವೇ ಬೇಡ, ಎರಡು ತಾಸು ಬಿಟ್ಟು ತಗೊಳ್ಳಿ, ಸಂಕಟ ಆದ್ರೆ ರಾತ್ರಿ ಊಟ ಆದ್ಮೇಲೆ ನುಂಗಿ, ನಿಂಬೆಹಣ್ಣು ಇದ್ರೆ ಊಟಕ್ಕೆ ಹಿಂಡಿ. ತಿಂಗಳಿಗೊಮ್ಮೆ ಎಚ್‌ಬಿ ಮತ್ತೆ ನೋಡಿ, ಏರದಿದ್ರೆ ಡಾಕ್ಟ್ರಿಗೆ ಹೇಳಿ.

ಹೆರಿಗೆ ಹೊತ್ತಲ್ಲಿ ಎಚ್‌ಬಿ 7 ಇರೋ ಹುಡುಗಿಗೆ ಎಲ್ಲರಿಗೂ ಹೋಗೋ ಅಷ್ಟೇ ರಕ್ತ ಹೋದ್ರೂ ಜೀವಕ್ಕೆ ಕುತ್ತು. ಒಂದು ಬಾಟಲಿ ರಕ್ತಕ್ಕೆ ಸುಮಾರು ಒಂದು ಗ್ರಾಂ ಏರ್ತದೆ ಅಷ್ಟೇ, ಅದಕ್ಕೆ ನೋವು ಶುರುವಾಗೋ ಮೊದಲೇ ಬ್ಲಡ್ ಬ್ಯಾಂಕ್ ಇರೋ ಕಡೆ ಸೇರಿಸಿ. ಮಗು ಅತ್ತು ಚೆನ್ನಾಗಿದ್ರೆ ಹೊಕ್ಕಳಬಳ್ಳಿ ಕತ್ತರಿಸೋಕೆ ಒಂದರಿಂದ ಮೂರು ನಿಮಿಷ ಕಾಯಿರಿ, ಆ ರಕ್ತ ಅದರದ್ದೇ. ತೂಕ ಕಮ್ಮಿ ಇದ್ರೆ ತಾಯಿ ಎದೆ ಮೇಲೆ ಮೈಗೆ ಮೈ ತಾಗೋ ಹಾಗೆ ಮಲಗಿಸಿ, ಒಂದು ತಾಸಿನೊಳಗೆ ಹಾಲು ಕುಡಿಸಿ.

ಡಿಸ್ಚಾರ್ಜ್ ಮಾಡುವಾಗ ಇನ್ನೂ 180 ದಿನದ ಮಾತ್ರೆ ಕೈಲಿ ಕೊಟ್ಟು, ಮುಂದಿನ ಬಸಿರಿಗೆ ಅಂತರ ಇರಬೇಕು ಅನ್ನೋ ಮಾತನ್ನ ಗಂಡನನ್ನೂ ಒಳಗೆ ಕರೆದು ಹೇಳಿ.