ಎರಡನೇ ಟರೆಟ್ ಮುಂದೆ ಅರ್ಧ ಗಂಟೆ

ಕಳೆದ ವರ್ಷ ಅಕ್ಕನ ಮನೆಗೆಂದು ಲಾಸ್ ಏಂಜಲೀಸ್‌ಗೆ ಹೋಗಿದ್ದೆ. ಅಲ್ಲಿನ ಸ್ಯಾನ್ ಪೆಡ್ರೊ ಬಂದರಿನಲ್ಲಿ 'ಅಯೋವಾ' ಅನ್ನುವ ಹಳೇ ಯುದ್ಧನೌಕೆ ಈಗ ಮ್ಯೂಸಿಯಂ ಆಗಿದೆ. ಅಕ್ಕನ ಹತ್ತು ವರ್ಷದ ಮಗನನ್ನು ಕರೆದುಕೊಂಡು ಹೊರಟೆ. ಅವನಿಗೆ ಫಿರಂಗಿ ನೋಡುವ ಆಸೆ. ನನಗೆ ಎರಡನೇ ಟರೆಟ್, ಅಂದರೆ ಫಿರಂಗಿಗಳನ್ನು ಕೂರಿಸಿದ ತಿರುಗುವ ಉಕ್ಕಿನ ಗೂಡು, ನೋಡಬೇಕಿತ್ತು.

ಅದರ ಫಿರಂಗಿ ಬಾಯಿಯ ಅಗಲವೇ 16 ಇಂಚು. ಹುಡುಗ ಬಾಯಿ ಬಿಟ್ಟುಕೊಂಡು ನಿಂತ. ಅಲ್ಲೇ ಸತ್ತವರ ಹೆಸರುಗಳ ಫಲಕವಿತ್ತು.

"ಮಾವ, ಇವರೆಲ್ಲ ಯುದ್ಧದಲ್ಲಿ ಸತ್ತವರಾ?"

"ಇಲ್ಲ ಕಣೋ. ಆಗ ಯುದ್ಧವೇ ಇರಲಿಲ್ಲ."

1989ರ ಏಪ್ರಿಲ್ 19, ಬೆಳಗಿನ ಹೊತ್ತು. ಪೋರ್ಟೊ ರಿಕೊ ಹತ್ತಿರದ ಸಮುದ್ರದಲ್ಲಿ ಗುಂಡು ಹಾರಿಸುವ ತಾಲೀಮು ನಡೆದಿತ್ತು. ಈ ಟರೆಟ್‌ನ ನಡುವಿನ ಫಿರಂಗಿಗೆ ಮದ್ದು ತುಂಬುತ್ತಿದ್ದರು. ರೇಷ್ಮೆ ಬಟ್ಟೆಯ ಐದು ಚೀಲ, ಒಂದೊಂದೂ ಸುಮಾರು 43 ಕಿಲೋ. ಮದ್ದು ದಶಕಗಳಷ್ಟು ಹಳೆಯದು. ಹಿಂಬದಿಯ ಬಾಗಿಲು ಹಾಕುವ ಮೊದಲೇ ಅದು ಸಿಡಿಯಿತು. ಬೆಂಕಿ ಮುಂದಕ್ಕೆ ಹೋಗಲಿಲ್ಲ, ತುಂಬುತ್ತಿದ್ದವರ ಮೇಲೆಯೇ ನುಗ್ಗಿತು. 47 ಜನ ಸತ್ತರು.

ನಮ್ಮ ಅಜ್ಜನ ಹತ್ತಿರ ತೋಟ ಕಾಯಲು ಒಂದು ಕೇಪಿನ ಕೋವಿ ಇತ್ತು. ನಳಿಗೆಗೆ ಮದ್ದು ಹಾಕಿ ಕಬ್ಬಿಣದ ಗಜದಿಂದ ಒತ್ತುವಾಗ ಅಜ್ಜ ಮಾತೇ ಆಡುತ್ತಿರಲಿಲ್ಲ. "ಮದ್ದಿನ ಹತ್ತಿರ ಅವಸರ ಮಾಡಬಾರದು ಮಗಾ" ಅನ್ನುತ್ತಿದ್ದರು. ಅಲ್ಲಿ ನಿಂತಾಗ ನನಗೆ ಅಜ್ಜನ ಕೈ ನೆನಪಾಯಿತು.

ನನ್ನನ್ನು ಇವತ್ತಿಗೂ ಕಾಡುವುದು ಆಮೇಲೆ ನಡೆದದ್ದು. ಸತ್ತವರಲ್ಲೇ ಒಬ್ಬ ನಾವಿಕ ಬೇಕಂತಲೇ ಸ್ಫೋಟ ಮಾಡಿರಬಹುದು ಎಂದು ಅಮೆರಿಕದ ನೌಕಾಪಡೆಯ ತನಿಖೆ ಹೇಳಿಬಿಟ್ಟಿತು. ಅವನ ಸ್ನೇಹ, ಸ್ವಭಾವ ಎಲ್ಲವೂ ಪೇಪರಿಗೆ ಬಂತು. ಸತ್ತವನು ಎದ್ದು ಬಂದು ಉತ್ತರ ಕೊಡುತ್ತಾನಾ? ಮನೆಯವರು ಮಗನನ್ನೂ ಕಳೆದುಕೊಂಡರು, ಮಗನ ಮಾನವನ್ನೂ ಕಳೆದುಕೊಂಡರು.

ಅಮೆರಿಕ ಸರ್ಕಾರದ ಸ್ಯಾಂಡಿಯಾ ಪ್ರಯೋಗಾಲಯದ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಚೀಲಗಳನ್ನು ಒಳಕ್ಕೆ ತಳ್ಳುವ ಯಂತ್ರ ಹೆಚ್ಚು ವೇಗದಲ್ಲಿ, ಹೆಚ್ಚು ದೂರ ತಳ್ಳಿದೆ ಎಂದು ಅವರಿಗೆ ಕಂಡಿತು. 1990ರ ಮೇನಲ್ಲಿ ಮದ್ದಿನ ಚೀಲಗಳನ್ನು ಭಾರದೊಂದಿಗೆ ಎತ್ತರದಿಂದ ಬೀಳಿಸಿ ಪರೀಕ್ಷೆ ನಡೆಯಿತು. ಹದಿನೇಳು ಸಲ ಏನೂ ಆಗಲಿಲ್ಲ. ಹದಿನೆಂಟನೇ ಸಲ ಸಿಡಿಯಿತು! ನನ್ನ ಮಟ್ಟಿಗೆ ಆ ನಾವಿಕನ ಮೇಲಿನ ಆರೋಪ ಅವತ್ತೇ ಬಿದ್ದುಹೋಯಿತು. ನೌಕಾಪಡೆಗೆ ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. 1991ರ ಅಕ್ಟೋಬರಿನಲ್ಲಿ ನೌಕಾಪಡೆಯ ಆಗಿನ ಮುಖ್ಯಸ್ಥ ಅಡ್ಮಿರಲ್ ಫ್ರಾಂಕ್ ಕೆಲ್ಸೊ ಅವನ ಮನೆಯವರಲ್ಲಿ ವಿಷಾದ ಹೇಳಿದರು. ಕಾರಣ ಇಂಥದ್ದೇ ಎಂದು ಖಚಿತವಾಗಿ ಹೇಳಲಾಗದು ಎಂದೂ ಒಪ್ಪಿಕೊಂಡರು. ವಿಷಾದ ಹೇಳಲು ಎರಡೂವರೆ ವರ್ಷ. ಅಷ್ಟು ದಿನ ಆ ತಾಯಿ ಅಂಗಡಿಗೆ, ಚರ್ಚಿಗೆ ಹೇಗೆ ಹೋಗಿಬಂದಳೋ.

ಹುಡುಗ ಫಲಕದ ಹತ್ತಿರ ಹೋಗಿ ಗಟ್ಟಿಯಾಗಿ ಓದತೊಡಗಿದ. ಆ ನಾವಿಕನ ಹೆಸರು ನನಗೆ ಗೊತ್ತಿತ್ತು. ಇವನಿಗೆ ಹೇಳಿರಲಿಲ್ಲ. ಆ ಹೆಸರು ಬರುವಾಗ ನನ್ನ ಎದೆ ಹೊಡೆದುಕೊಂಡಿತು. ಹುಡುಗ ಉಳಿದವರ ಹೆಸರಿನ ಹಾಗೇ ಅದನ್ನೂ ಓದಿ, ಬೆರಳನ್ನು ಮುಂದಿನ ಸಾಲಿಗೆ ಸರಿಸಿದ.