ಎದ್ದು ನಿಂತಾಗ ಇಳಿಯುವ ಬಿಪಿ

ಬಸವನಗುಡಿಯ ನಮ್ಮ ಮನೆಯಲ್ಲಿ ಅಪ್ಪ ಬೆಳಗಿನ ಜಾವ ಎದ್ದೊಡನೆ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದುಕೊಳ್ಳುತ್ತಾರೆ. ಕುಳಿತಾಗ ಅಳೆದರೆ ಬಿಪಿ ಸರಿಯಾಗಿಯೇ ಇರುತ್ತದೆ. ನಿಂತಾಗ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಕಾಲು, ಹೊಟ್ಟೆಗಳತ್ತ ಇಳಿಯುತ್ತದೆ. ಕತ್ತಿನ ರಕ್ತನಾಳಗಳಲ್ಲಿರುವ ನರತುದಿಗಳು ಇದನ್ನು ಗ್ರಹಿಸಿ, ಹೃದಯದ ಬಡಿತವನ್ನು ಹೆಚ್ಚಿಸಿ, ನಾಳಗಳನ್ನು ಬಿಗಿಗೊಳಿಸಬೇಕು. ವಯಸ್ಸಾದಂತೆ ಈ ಸ್ಪಂದನೆಯೇ ಮಂದವಾಗುತ್ತದೆ. 5 ನಿಮಿಷ ಮಲಗಿದ್ದಾಗ ಒಮ್ಮೆ, ನಿಂತ ಮೇಲೆ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ಅಳೆದು, ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಇಳಿದಿದ್ದರೆ ವೈದ್ಯರಿಗೆ ತಿಳಿಸಬೇಕು. ನನ್ನ ಅನುಮಾನ ಮೊದಲು ಹೋಗುವುದು ಮಾತ್ರೆಗಳ ಡಬ್ಬಿಯತ್ತ: ಮೂತ್ರ ಹೆಚ್ಚಿಸುವ ಔಷಧಗಳೂ ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್‌ನಂಥವೂ ಒತ್ತಡವನ್ನು ಇಳಿಸಬಲ್ಲವು. ಹಾಗೆಂದು ನಾವೇ ಅವನ್ನು ನಿಲ್ಲಿಸುವಂತಿಲ್ಲ. ಬೆಂಗಳೂರಿನ ಚಳಿಯ ನೆಪದಲ್ಲಿ ನೀರನ್ನೇ ಮರೆಯುವ ಹಿರಿಯರಿಗೆ (ನಮ್ಮಲ್ಲಿ ಕಾಫಿಗಂತೂ ಮರೆವಿಲ್ಲ) ನಿರ್ಜಲೀಕರಣವೂ ಇದಕ್ಕೆ ಕಾರಣವಾಗಬಹುದು.